ಸೂಜಿ ಎತ್ತಿ ಉತ್ತರ ಕೇಳುತ್ತಿದ್ದವರು

ನಮ್ಮ ಹೊಸಂಗಡಿಯ ಉಪದೇಶಿಗಳು ಹೋದ ತಿಂಗಳು ತೀರಿಕೊಂಡರು. ಅವರಿಗೊಂದು ಹೆಸರಿತ್ತು, ಆದರೆ ಊರಿನಲ್ಲಿ ಅದನ್ನು ಬಳಸಿದವರನ್ನು ನಾನು ಕಂಡಿಲ್ಲ. ಮಂಗಳೂರಿನ ಕ್ರೈಸ್ತ ಮಿಶನ್ನಿನಿಂದ ಬರುವ ಲಕೋಟೆಯ ಮೇಲೆ ಮಾತ್ರ ಅದು ಇರುತ್ತಿತ್ತು. ಅಂಚೆಯವನು ಅದನ್ನೂ ಓದದೆ "ಇದು ಉಪದೇಶಿಗಳದ್ದು" ಎಂದು ತಂದುಕೊಡುತ್ತಿದ್ದ. ನಾನೂ ಹಾಗೆಯೇ ಕರೆಯುತ್ತೇನೆ. ಹೆಸರು ಬರೆದರೆ ಬೇರೆ ಯಾರ ಬಗ್ಗೆಯೋ ಬರೆದ ಹಾಗಾದೀತು.

ಸುವಾರ್ತೆಯ ಪುಸ್ತಿಕೆಗಳನ್ನು ಚೀಲದಲ್ಲಿ ಹೊತ್ತುಕೊಂಡು ಊರಿಂದೂರಿಗೆ ನಡೆಯುವುದು, ಜನ ಕೂಡಿದಲ್ಲಿ ನಿಂತು ನಾಲ್ಕು ಮಾತು ಹೇಳುವುದು, ಅದು ಅವರ ಉದ್ಯೋಗ. ಸೊಂಟಕ್ಕೆ ಬಿಳಿ ಮುಂಡು, ಕತ್ತಿನವರೆಗೆ ಗುಂಡಿ ಹಾಕಿದ ಕೋಟು, ಕಪ್ಪು ಕೊಡೆ. ನಾನು ಆಗ ಅಲ್ಲಿನ ಬೋರ್ಡು ಶಾಲೆಗೆ ಹೊಸದಾಗಿ ಬಂದ ಮಾಸ್ತರ, ಮುಳ್ಳೇರಿಯದ ಕಡೆಯ ಪುರೋಹಿತರ ಮನೆಯವನು. ವಾದ ಮಾಡುವ ಚಟ ಬೇರೆ. ಬಂದ ಮೊದಲ ವಾರವೇ ಅವರನ್ನು ರಸ್ತೆಯಲ್ಲಿ ಅಡ್ಡಗಟ್ಟಿ, "ನಿಮ್ಮ ದೇವರಿಗೆ ನಮ್ಮ ಊರಿನಲ್ಲಿ ಎಂತ ಕೆಲಸ?" ಎಂದು ಕೇಳಿಯೇಬಿಟ್ಟೆ.

ನೆತ್ತಿ ಸುಡುವ ಬಿಸಿಲು. ಅವರು ಕೊಡೆ ಮಡಚಿ ಕಂಕುಳಲ್ಲಿ ಇಟ್ಟುಕೊಂಡರು. ಯಾರೊಡನೆ ಮಾತಿಗೆ ನಿಂತರೂ ಕೊಡೆ ಮಡಚುವುದು ಅವರ ಪದ್ಧತಿ. ಎದುರಿನವನು ಬಿಸಿಲಿನಲ್ಲಿರುವಾಗ ತಾನು ನೆರಳಲ್ಲಿ ನಿಲ್ಲಬಾರದಂತೆ.

"ಒಳ್ಳೆ ಪ್ರಶ್ನೆ ಮಾಸ್ಟ್ರೇ," ಎಂದರು. "ನಿಮಗೆ ಹೇಗೆ ಕಾಣ್ತದೆ?"

ನನಗೆ ಹೇಗೆ ಕಾಣುತ್ತದೆ ಎಂಬುದನ್ನು ನಾನು ಅರ್ಧ ಗಂಟೆ ಹೇಳಿದೆ. ಅವರು ಬೆವರು ಒರೆಸಿಕೊಳ್ಳುತ್ತಾ ಕೇಳಿದರು. ಕೊನೆಗೆ "ಉಳಿದದ್ದು ನಾಳೆ ಹೇಳಿ, ನಾನು ಇದೇ ದಾರಿಯಲ್ಲಿ ಬರ್ಲಿಕ್ಕೆ ಉಂಟು," ಎಂದು ಹೊರಟರು. ಗೆದ್ದೆನೆಂದು ಬೀಗುತ್ತಾ ಮನೆಗೆ ಬಂದೆ. ಊಟಕ್ಕೆ ಕುಳಿತಾಗ ಹೊಳೆಯಿತು: ಅವರು ಎದುರುವಾದದ ಒಂದು ಮಾತನ್ನೂ ಆಡಿರಲಿಲ್ಲ, ನಾನು ಗೆದ್ದದ್ದು ಯಾರನ್ನು? ಮರುದಿನ ಅದೇ ಹೊತ್ತಿಗೆ ಅದೇ ಜಾಗದಲ್ಲಿ ನಾನು ಕಾಯುತ್ತಿದ್ದೆ. ಹೀಗೆ ಶುರುವಾದ ಸ್ನೇಹ.

ಓದು ಬಾರದವರ ಕಾಗದಗಳನ್ನು ಓದಿ ಹೇಳುವುದು ಅವರ ಇನ್ನೊಂದು ಕೆಲಸ. ಮಿಶನ್ನಿನವರು ಹೇಳಿದ್ದಲ್ಲ, ತಾವೇ ಹಚ್ಚಿಕೊಂಡದ್ದು. ಬೊಂಬಾಯಿಯ ಹೋಟೆಲಿನಿಂದಲೋ ಕೊಲಂಬಿನ ಅಂಗಡಿಯಿಂದಲೋ ಮಕ್ಕಳ ಕಾಗದ ಬಂದರೆ ತಾಯಂದಿರು ಉಪದೇಶಿಗಳು ಬರುವ ದಿನಕ್ಕೆ ಕಾಯುತ್ತಿದ್ದರು. ಅದಕ್ಕೊಂದು ಕರಾರು ಇತ್ತು. ಅವರು ನಿಮ್ಮ ಕಾಗದ ಓದುತ್ತಾರೆ, ಆಮೇಲೆ ನೀವು ಅವರ ಪುಸ್ತಿಕೆಯ ಒಂದು ಪುಟ ಕೇಳಬೇಕು. ಯಾರೂ ಕರಾರು ಮುರಿದವರಲ್ಲ. ಬಂದ್ಯೋಡಿನ ಬ್ಯಾರಿ ಮುಸಲ್ಮಾನರ ಮನೆಯ ಆಸ್ಯಮ್ಮನಂತೂ, ಮಗನ ಕಾಗದ ಮುಗಿದೊಡನೆ ಕಣ್ಣೊರೆಸಿಕೊಂಡು, ತಲೆಯ ಬಟ್ಟೆ ಸರಿ ಮಾಡಿಕೊಂಡು, "ಇನ್ನು ನಿಮ್ಮದು ಓದಿ" ಎಂದು ಶಿಸ್ತಾಗಿ ಕುಳಿತುಕೊಳ್ಳುತ್ತಿದ್ದಳು.

ಒಮ್ಮೆ ಅವರ ಗಂಟಲು ಕಟ್ಟಿತ್ತು. ಕಾಗದವನ್ನು ಹೇಗೋ ಓದಿ ಮುಗಿಸಿದರು, ಪುಸ್ತಿಕೆಗೆ ಸ್ವರ ಉಳಿಯಲಿಲ್ಲ. ಆಸ್ಯಮ್ಮ ಬಿಡಲಿಲ್ಲ. "ಇವತ್ತು ನಿಮ್ಮದನ್ನು ನಾನೇ ಹೇಳ್ತೇನೆ, ನೀವು ಕೂತುಕೊಳ್ಳಿ," ಎಂದು ಕಳೆದುಹೋದ ಕುರಿಯನ್ನು ಹುಡುಕಿಕೊಂಡು ಹೋದವನ ಕತೆಯನ್ನು ಮೊದಲಿನಿಂದ ಕೊನೆಯವರೆಗೆ ಹೇಳಿದಳು. ಒಂದೇ ವ್ಯತ್ಯಾಸ. ಅವಳ ಕತೆಯಲ್ಲಿ ಕಳೆದದ್ದು ಆಡು.

"ಕುರಿ ಅಲ್ವಾ ಆಸ್ಯಮ್ಮ?" ಎಂದು ಅವರು ಪಿಸುಗುಟ್ಟಿದರು.

"ನಮ್ಮ ಊರಲ್ಲಿ ಕುರಿ ಯಾರ ಹತ್ತಿರ ಉಂಟು? ಕಂಡೇ ಇಲ್ಲದ್ದು ಕಳೆದುಹೋದ್ರೆ ನನಗೆಂತ ಬೇಜಾರು?"

ಅಂದಿನಿಂದ ಉಪದೇಶಿಗಳ ಕತೆಯಲ್ಲೂ ಆಡೇ ಕಳೆದುಹೋಯಿತು. ಅದರ ಕಿವಿ ಹರಿದಿತ್ತು, ಕತ್ತಿನಲ್ಲಿ ತೆಂಗಿನ ನಾರಿನ ಹಗ್ಗವಿತ್ತು ಎಂದೆಲ್ಲ ಸೇರಿಸಿ ಹೇಳುತ್ತಿದ್ದರು. ಕೇಳುವ ಹೆಂಗಸರು ನಿಜವಾಗಿಯೂ ಬೇಲಿಯಾಚೆ ಒಮ್ಮೆ ಇಣುಕಿ ನೋಡುತ್ತಿದ್ದರು.

ತಿಂಗಳಿಗೊಮ್ಮೆ ಬಸ್ಸು ಹಿಡಿದು ಒಳನಾಡಿಗೂ ಹೋಗುವರು. ಒಂದು ಸಲ ಮುಳ್ಳೇರಿಯದ ಕಡೆಯ ನಮ್ಮ ಮನೆಗೇ ಹೋದರು. ನನ್ನ ತಂದೆ ಮಹಾ ಮಡಿವಂತರು, ಪುಸ್ತಿಕೆಯನ್ನು ದೂರದಿಂದಲೇ ನೋಡಿದರು. ಆದರೆ ಅಕ್ಷರ ದಪ್ಪಗಿತ್ತು, ಕನ್ನಡಕವಿಲ್ಲದೆ ಓದಬಹುದಿತ್ತು. ಎರಡು ವರ್ಷದಿಂದ ಏನನ್ನೂ ಓದಲಾಗದೆ ಕುಳಿತಿದ್ದವರಿಗೆ ಆಸೆ ತಡೆಯಲಿಲ್ಲ. ಅಷ್ಟನ್ನೂ ಓದಿ ಮುಗಿಸಿ, ಮುಂದಿನ ತಿಂಗಳು ತೀರ್ಪು ಕೊಟ್ಟರು: "ಕತೆಯ ಮನುಷ್ಯ ಒಳ್ಳೆಯವನೇ. ಬರೆದವರಿಗೆ ಕನ್ನಡ ಇನ್ನೂ ಸ್ವಲ್ಪ ಕಲೀಲಿಕ್ಕೆ ಉಂಟು." ಬೇರೆಯವರಾದರೆ ನಕ್ಕು ಬಿಡುತ್ತಿದ್ದರು. ಉಪದೇಶಿಗಳು ತಂದೆಯ ಪಕ್ಕದಲ್ಲಿ ಕುಳಿತು, ಅವರು ಹೇಳಿದ ತಿದ್ದುಪಡಿಗಳನ್ನೆಲ್ಲ ಬರೆದುಕೊಂಡು ಮಂಗಳೂರಿನ ಅಚ್ಚುಕೂಟಕ್ಕೆ ಕಳುಹಿಸಿದರು. ಅಚ್ಚುಕೂಟದವರು ಏನು ಮಾಡಿದರೋ ಗೊತ್ತಿಲ್ಲ. ತಂದೆ ಮಾತ್ರ ಸಾಯುವವರೆಗೂ ತಾನು ಮಿಶನ್ನಿನ ಪುಸ್ತಕ ತಿದ್ದಿದವನೆಂದು ಹೇಳಿಕೊಳ್ಳುತ್ತಿದ್ದರು.

ಆ ದಪ್ಪ ಅಕ್ಷರದ ಪುಸ್ತಿಕೆ ಹಿಡಿದು ಅವರು ಎಷ್ಟು ಮಂದಿಗೆ ಓದು ಕಲಿಸಿದರೋ. ಜಗಲಿಯಲ್ಲಿ ಕುಳಿತು ಒಂದೊಂದೇ ಅಕ್ಷರಕ್ಕೆ ಬೆರಳು ಇಟ್ಟು ಹೇಳಿಕೊಡುವರು. ಆಸ್ಯಮ್ಮ ಕಲಿತದ್ದು ಮಗನ ಲಕೋಟೆಯ ಮೇಲೆ ಅವನ ಹೆಸರನ್ನು ತನ್ನ ಕೈಯಲ್ಲೇ ಬರೆಯಬೇಕೆಂಬ ಹಟಕ್ಕೆ. ಶಾಲೆಯ ಮಾಸ್ತರನಾದ ನನಗೆ ಇದರಿಂದ ಸ್ವಲ್ಪ ಹೊಟ್ಟೆಕಿಚ್ಚೂ ಆಗುತ್ತಿತ್ತು. ನನ್ನ ಶಾಲೆಯ ಮಕ್ಕಳು ಬೆತ್ತಕ್ಕೂ ಕಲಿಯುತ್ತಿರಲಿಲ್ಲ.

ಎರಡನೇ ಮಹಾಯುದ್ಧ ಮುಗಿದು ಒಂದೆರಡು ವರ್ಷವಾಗಿರಬೇಕು. ಮಿಶನ್ನಿನಿಂದ ಅವರಿಗೆ ಒಂದು ಗ್ರಾಮಫೋನು ಬಂತು. ಕೈಯಿಂದ ಕೀಲಿ ಕೊಡುವ ಪೆಟ್ಟಿಗೆ, ಜೊತೆಗೆ ನಾಲ್ಕು ಪ್ಲೇಟು. ಒಬ್ಬ ಪ್ರಸಿದ್ಧ ಬೋಧಕರ ಗಂಭೀರ ಕಂಠದಲ್ಲಿ ಪ್ರವಚನ. ಒಂದು ನೋಟುಪುಸ್ತಕವೂ ಬಂತು: ದಿನಾಂಕ, ಊರು, ಕೇಳಿದವರ ಸಂಖ್ಯೆ, ಷರಾ. ಆರು ತಿಂಗಳು ನೋಡುತ್ತೇವೆ, ಯಂತ್ರದಿಂದ ಕೆಲಸ ನಡೆಯುತ್ತದೆಂದು ಕಂಡರೆ ನಡೆದು ತಿರುಗುವ ಉಪದೇಶಿಗಳನ್ನು ಹಿಂದಕ್ಕೆ ಕರೆಸಿಕೊಳ್ಳುತ್ತೇವೆ ಎಂದು ಕಾಗದದಲ್ಲಿತ್ತು. ಅವರಿಗೆ ಮಂಗಳೂರಿನ ಪುಸ್ತಕದ ಗೋದಾಮಿನಲ್ಲಿ ಜಾಗ ನೋಡಿದ್ದರು.

"ಗೋದಾಮಿನಲ್ಲಿ ಎಂತ ಕೆಲಸ?" ಎಂದು ಕೇಳಿದೆ.

"ಕಟ್ಟು ಕಟ್ಟುವುದು, ಗೆದ್ದಲು ನೋಡುವುದು," ಎಂದರು. ಆಮೇಲೆ, "ಗೆದ್ದಲಿನ ಹತ್ತಿರ ಎಂತ ಮಾತಾಡುವುದು ಮಾಸ್ಟ್ರೇ?" ಎಂದರು. ನಗುತ್ತಲೇ ಹೇಳಿದರು, ಆದರೆ ಆ ನಗು ಎಂದಿನದಾಗಿರಲಿಲ್ಲ. ಮಾತಿಲ್ಲದೆ ಆ ಮನುಷ್ಯ ಬದುಕುವುದಿಲ್ಲ ಎಂದು ನನಗೆ ಗೊತ್ತಿತ್ತು.

ಹಾಗೆಂದು ಯಂತ್ರವನ್ನು ಮೂಲೆಗೆ ತಳ್ಳಲಿಲ್ಲ. ಅದು ಅವರ ಜಾಯಮಾನವಲ್ಲ. ಮರುದಿನವೇ ಆಳೊಬ್ಬನ ತಲೆಯ ಮೇಲೆ ಹೊರಿಸಿಕೊಂಡು ತ್ಯಾಂಪಣ್ಣನ ಚಹದಂಗಡಿಗೆ ತಂದರು. ಹೊಸಂಗಡಿಯಲ್ಲಿ ಬಸ್ಸು ನಿಲ್ಲುವಲ್ಲಿ ಈ ಅಂಗಡಿ. ತ್ಯಾಂಪಣ್ಣ ಸಾಮಾನ್ಯ ಅಸಾಮಿಯಲ್ಲ. ತಾಳಮದ್ದಳೆಯ ಅರ್ಥಧಾರಿ. ವೇಷವಿಲ್ಲದೆ ಕುಳಿತು, ಪುರಾಣದ ಪಾತ್ರಗಳಾಗಿ ಬರೇ ಮಾತಿನಲ್ಲಿ ಕಾದಾಡುವ ಆ ಕೂಟಗಳಲ್ಲಿ ಅವನ ಕರ್ಣನಿಗೆ ಎದುರು ಕೂರಲು ಜನ ಹೆದರುತ್ತಿದ್ದರು. ಕಿವಿಯಿಂದ ಕಲಿತ ವಿದ್ಯೆ. ಆಗ ಅವನಿಗೆ ಅಕ್ಷರ ಬರುತ್ತಿರಲಿಲ್ಲ.

ಪೆಟ್ಟಿಗೆ ಮಾತನಾಡತೊಡಗಿದಾಗ ಅಂಗಡಿ ತುಂಬಿ ಹೋಯಿತು. ಬಸ್ಸಿನ ಡ್ರೈವರನೂ ಇಳಿದು ಬಂದ. ಪ್ರವಚನದ ನಡುವೆ ಆ ಕಂಠ ಕೇಳಿತು: "ಓ ಸಹೋದರನೇ, ನಿನ್ನ ಬಲದಿಂದಲೇ ನೀನು ನಿನ್ನನ್ನು ಉಳಿಸಿಕೊಳ್ಳಬಲ್ಲೆಯಾ?"

ಕೂಟದಲ್ಲಿ ಎದುರಿನವನು ಪ್ರಶ್ನೆ ಹಾಕಿದ ಮೇಲೆ ಸುಮ್ಮನಿದ್ದರೆ ಸೋತಂತೆ. ತ್ಯಾಂಪಣ್ಣ ಚಹದ ಪಾತ್ರೆ ಕೆಳಗಿಟ್ಟು, ಹೆಗಲ ಮೇಲಿನ ಬೈರಾಸು ಬಟ್ಟೆ ಸರಿಮಾಡಿಕೊಂಡು, ಕರ್ಣನ ಸ್ವರದಲ್ಲಿ ಶುರು ಮಾಡಿದ: "ಭಲೆ! ಕೇಳತಕ್ಕದ್ದನ್ನೇ ಕೇಳಿದಿರಿ. ಹಾಗಾದರೆ ನನ್ನ ಉತ್ತರವನ್ನು..."

"ಇಲ್ಲ! ಎಂದಿಗೂ ಇಲ್ಲ!" ಎಂದಿತು ಪೆಟ್ಟಿಗೆ. ಮತ್ತೆ ನಿಲ್ಲಿಸದೆ ಮುಂದಕ್ಕೆ ಹೋಯಿತು.

ತ್ಯಾಂಪಣ್ಣನ ಮುಖ ಕೆಂಪಾಯಿತು. "ಪ್ರಶ್ನೆ ನನಗೆ, ಉತ್ತರವೂ ಇವನದೇ! ಇದು ಯಾವ ಮರ್ಯಾದೆ ಉಪದೇಶಿಗಳೇ? ಎದುರು ಕೂತವ ಎಂತ ಕಲ್ಲಾ?" ಕೇಳುತ್ತಿದ್ದವರೆಲ್ಲ ಹೌದೆಂದು ತಲೆಯಾಡಿಸಿದರು. ಡ್ರೈವರನೂ ಅಸಮಾಧಾನ ಸೂಚಿಸಿ ಬಸ್ಸು ಹತ್ತಿದ.

ಉಪದೇಶಿಗಳು ಒಂದು ಕ್ಷಣ ಯೋಚಿಸಿದರು. ಆಮೇಲೆ ಪ್ಲೇಟಿನ ಮೇಲಿನ ಸೂಜಿಯನ್ನು ಮೆಲ್ಲಗೆ ಎತ್ತಿದರು. "ನೀವು ಹೇಳುವುದು ಸರಿ. ಈಗ ಹೇಳಿ ತ್ಯಾಂಪಣ್ಣ. ಇವರು ಕಾಯ್ತಾರೆ."

ತ್ಯಾಂಪಣ್ಣ ಹೇಳಿದ. ಸ್ವಂತ ಬಲ, ಗುರುವಿನ ಬಲ, ತಾಯಿಯ ಪುಣ್ಯ, ಒಂದೊಂದನ್ನೂ ಬಿಡಿಸಿ ಬಿಡಿಸಿ ಇಪ್ಪತ್ತು ನಿಮಿಷ. ಅವನು ನಿಲ್ಲಿಸಿದ ಮೇಲೆ ಉಪದೇಶಿಗಳು ಪೆಟ್ಟಿಗೆಯ ಪಕ್ಷ ವಹಿಸಿ ಮಾತನಾಡಿದರು. ನಾನು ನಡುವೆ ಬಾಯಿ ಹಾಕಿದೆ. ಆಸ್ಯಮ್ಮನ ತಮ್ಮ ಒಂದು ಮಾತು ಸೇರಿಸಿದ. ಮತ್ತೆ ಸೂಜಿ ಇಳಿಯಿತು, ಮುಂದಿನ ಪ್ರಶ್ನೆಗೆ ಮತ್ತೆ ಎದ್ದಿತು. ಮೂರು ನಿಮಿಷದ ಪ್ಲೇಟು ಮುಗಿಯುವಾಗ ಸಂಜೆ ಕೊನೆಯ ಬಸ್ಸು ಬಂದಿತ್ತು.

ಅದೇ ಕ್ರಮವಾಗಿ ಹೋಯಿತು. ವಾರಕ್ಕೊಂದು ದಿನ, ಶಾಲೆ ಬಿಟ್ಟ ಹೊತ್ತು. ಬಂದ್ಯೋಡಿನಿಂದ ನಡೆದುಕೊಂಡು ಬರುವವರೂ ಇದ್ದರು. ಉಪದೇಶಿಗಳು ಮಾತ್ರ ನೋಟುಪುಸ್ತಕದಲ್ಲಿ ಸತ್ಯವನ್ನೇ ಬರೆದರು. ಷರಾದ ಕಾಲಮ್ಮಿನಲ್ಲಿ: "ಪ್ಲೇಟು ಮೂರು ನಿಮಿಷ. ಚರ್ಚೆ ಎರಡು ಗಂಟೆ. ತ್ಯಾಂಪಣ್ಣ ಒಪ್ಪಲಿಲ್ಲ." ಮುಂದಿನ ವಾರ: "ತ್ಯಾಂಪಣ್ಣ ಇಂದೂ ಒಪ್ಪಲಿಲ್ಲ." ಅದರ ಮುಂದಿನ ವಾರ: "ಅರ್ಧ ಒಪ್ಪಿ, ಹೋಗುವಾಗ ಹಿಂತೆಗೆದುಕೊಂಡ."

"ಸ್ವಲ್ಪ ಸುಧಾರಿಸಿ ಬರೆಯಬಾರದಾ?" ಎಂದು ನಾನು ಗದರಿದೆ.

"ಅವ ಒಪ್ಪದೆ ಒಪ್ಪಿದ ಅಂತ ಬರೆದ್ರೆ ಅವನಿಗೆ ಬೇಜಾರಾಗ್ತದೆ ಮಾರಾಯ್ರೆ," ಎಂದರು.

ನೋಟುಪುಸ್ತಕ ಮಂಗಳೂರಿಗೆ ಹೋಯಿತು. ಅದರ ಹಿಂದೆಯೇ ಮಂಗಳೂರಿನ ದೊಡ್ಡ ಪಾದ್ರಿಗಳು, ಅಂದರೆ ಈ ಕೆಲಸದ ಮೇಲ್ವಿಚಾರಕರು, ಕಾರಿನಲ್ಲಿ ಬಂದಿಳಿದರು. ಅವರು ಕಂಡದ್ದು ಇಷ್ಟು: ಗ್ರಾಮಫೋನಿನ ಮುಚ್ಚಳ ಮುಚ್ಚಿದೆ, ಅದರ ಮೇಲೆ ಎರಡು ಚಹದ ಗ್ಲಾಸು. ಒಂದು ಕಡೆ ತ್ಯಾಂಪಣ್ಣ, ಇನ್ನೊಂದು ಕಡೆ ಅವರ ಸ್ವಂತ ಉಪದೇಶಿ, ಸುತ್ತ ಜನ. ತ್ಯಾಂಪಣ್ಣ ಯಾವುದೋ ಬಲವಾದ ಮಾತನ್ನು ಹೇಳಿದ್ದ, ಉಪದೇಶಿಗಳು ತೊಡೆ ತಟ್ಟಿ "ಭೇಷ್!" ಎನ್ನುತ್ತಿದ್ದರು.

"ತ್ಯಾಂಪಣ್ಣ ಎಂಬವರು ಯಾರು?" ಎಂದು ದೊಡ್ಡ ಪಾದ್ರಿಗಳು ಬಾಗಿಲಲ್ಲೇ ನಿಂತು ಕೇಳಿದರು. ತ್ಯಾಂಪಣ್ಣ ಎದ್ದು ಕೈ ಮುಗಿದ. ಯಾರೂ ನಗಲಿಲ್ಲ. ಪಾದ್ರಿಗಳು ಉಪದೇಶಿಗಳ ಕಡೆಗೆ ತಿರುಗಿದರು.

"ಎಷ್ಟು ವರ್ಷವಾಯಿತು ನೀವು ಇಲ್ಲಿಗೆ ಬಂದು?"

"ಇಪ್ಪತ್ತು ಆಗ್ತಾ ಬಂತು."

"ಇಲ್ಲಿಂದ ಕ್ರೈಸ್ತ ಸಭೆಗೆ ಸೇರಿದವರೆಷ್ಟು?"

"ಯಾರೂ ಇಲ್ಲ."

"ಒಬ್ಬರೂ ಇಲ್ಲವೇ?"

"ಒಬ್ಬ ಬರ್ತೇನೆ ಅಂದಿದ್ದ. ಅವನಿಗೂ ಹೆಂಡತಿಗೂ ಜಗಳ ಆಗಿ, ಮನೆ ಬಿಟ್ಟು ಬಂದಿದ್ದ. ರಾಜಿ ಆದ ಮೇಲೆ ಬರ್ಲಿಲ್ಲ."

"ರಾಜಿ ಮಾಡಿಸಿದವರು ಯಾರು?"

ಉಪದೇಶಿಗಳು ಕೊಡೆಯ ಹಿಡಿಯನ್ನು ನೋಡಿದರು. "ನಾನೇ."

ದೊಡ್ಡ ಪಾದ್ರಿಗಳು ಕೆಟ್ಟವರಲ್ಲ. ಅವರಿಗೂ ಮೇಲಿನವರಿದ್ದರು, ಲೆಕ್ಕ ಒಪ್ಪಿಸಬೇಕಿತ್ತು. ತಿಂಗಳ ಕೊನೆಗೆ ಉಪದೇಶಿಗಳು ಗೋದಾಮಿಗೆ ಬರಬೇಕು, ಇನ್ನು ಮುಂದೆ ಲೌಡ್ ಸ್ಪೀಕರಿನ ವ್ಯಾನು ತಿರುಗುತ್ತದೆ, ದಿನಕ್ಕೆ ಹತ್ತು ಊರು ಮುಗಿಯುತ್ತದೆ ಎಂದರು. ಪೆಟ್ಟಿಗೆಯನ್ನು ಕಾರಿಗೆ ಹಾಕಿಸಿಕೊಂಡು ಹೋದರು. ಉಪದೇಶಿಗಳು ಆ ಸಂಜೆ ನನ್ನ ಜೊತೆ ಶಾಲೆಯವರೆಗೆ ನಡೆದು ಬಂದರು. ದಾರಿಯುದ್ದಕ್ಕೂ ಕೊಡೆ ಮಡಚಲೇ ಇಲ್ಲ. ನನಗೆ ಅಳುವೇ ಬಂತು. ಒಂದು ದಿನವೂ ಅವರ ಮಾತಿಗೆ ಒಪ್ಪದ ನನಗೆ, ಅವರಿಲ್ಲದ ಹೊಸಂಗಡಿಯಲ್ಲಿ ಯಾರ ಮಾತಿಗೆ ಒಪ್ಪದಿರಲಿ ಎಂಬುದೇ ತೋಚಲಿಲ್ಲ.

ಮರುದಿನ ತ್ಯಾಂಪಣ್ಣ ಶಾಲೆಗೇ ಬಂದ. "ಮಾಸ್ಟ್ರೇ, ದೊಡ್ಡ ಪಾದ್ರಿಗಳಿಗೆ ಒಂದು ಮನವಿ ಬರೀಲಿಕ್ಕುಂಟು."

ನನ್ನ ಅಕ್ಷರದ ಬಗ್ಗೆ, ಶೈಲಿಯ ಬಗ್ಗೆ ನನಗೆ ಹೆಮ್ಮೆ. ಕರುಣಾಸಾಗರರು, ಜ್ಞಾನದೀವಿಗೆ ಎಂದೆಲ್ಲ ಒಂದು ಪುಟ ತುಂಬಿಸಿ ಓದಿದೆ. ತ್ಯಾಂಪಣ್ಣ ಕೊನೆಯವರೆಗೆ ಕೇಳಿ, "ಚಂದ ಉಂಟು, ಸನ್ಮಾನಕ್ಕೆ ಆಗ್ತದೆ. ಮನವಿಗೆ ನಾನು ಹೇಳಿದ್ದು ಬರೀರಿ," ಎಂದ. ಅವನು ಹೇಳಿದ್ದು ಹೀಗಿತ್ತು:

"ಈ ಊರಿನ ಹಿಂದೂಗಳೂ ಬ್ಯಾರಿಗಳೂ ಆದ, ಕೆಳಗೆ ರುಜು ಹಾಕಿದ ನಾವು ಅರಿಕೆ ಮಾಡಿಕೊಳ್ಳುವುದೇನೆಂದರೆ, ನಮ್ಮಲ್ಲಿ ಯಾರೂ ಈವರೆಗೆ ಕ್ರೈಸ್ತರಾಗಿಲ್ಲ. ಆದುದರಿಂದ ಉಪದೇಶಿಗಳ ಕೆಲಸ ಇಲ್ಲಿ ಮುಗಿದಿಲ್ಲ. ಕೆಲಸ ಮುಗಿಯುವ ಮೊದಲು ಆಳನ್ನು ತೆಗೆಯುವುದು ಎಲ್ಲಿಯೂ ಇಲ್ಲದ ಪದ್ಧತಿ. ವ್ಯಾನು ಬರಲಿ, ನಾವು ಬೇಡವೆನ್ನುವುದಿಲ್ಲ. ಆದರೆ ವ್ಯಾನು ಹೋದ ಮೇಲೆ ನಮ್ಮ ಉತ್ತರ ಕೇಳಲು ಒಬ್ಬರು ಬೇಕು."

ನಾನು ಒಂದು ಅಕ್ಷರವನ್ನೂ ತಿದ್ದಲಿಲ್ಲ. ಎರಡು ದಿನದಲ್ಲಿ ಎರಡು ಹಾಳೆ ತುಂಬಿತು. ಹೆಬ್ಬೆಟ್ಟಿಗೆಂದು ನಾನು ಮಸಿಯ ಬಟ್ಟೆ ಇಟ್ಟುಕೊಂಡಿದ್ದೆ, ಅದು ಒಣಗಿಹೋಯಿತು. ಬಂದವರೆಲ್ಲ ಲೇಖನಿ ಕೇಳಿದರು. ಆಸ್ಯಮ್ಮನ ಹೆಸರೇ ಇಡೀ ಒಂದು ಸಾಲನ್ನು ಹಿಡಿಯಿತು. ತ್ಯಾಂಪಣ್ಣ ಎಲ್ಲರಿಗಿಂತ ಕೊನೆಗೆ ಕುಳಿತು, ನಾಲಗೆ ಕಚ್ಚಿಕೊಂಡು, ಮಳೆಗೆ ವಾಲಿದ ಬೇಲಿಯಂಥ ಅಕ್ಷರಗಳಲ್ಲಿ ಹೆಸರು ಬರೆದ. ನಾನು ಬೆರಗಾಗಿ ಅವನ ಮುಖ ನೋಡಿದೆ.

"ನೋಡುವುದೆಂತ?" ಎಂದ. "ಮಧ್ಯಾಹ್ನ ಗಿರಾಕಿ ಇಲ್ಲದಾಗ ಕಲಿಸಿದ್ದಾರೆ. ಯಾರಿಗೂ ಹೇಳಬೇಡಿ. ಕೂಟದಲ್ಲಿ ಗೊತ್ತಾದ್ರೆ, ಇಷ್ಟು ದಿನ ಓದದೆ ಅರ್ಥ ಹೇಳಿದ ಅಂತ ಆಗ್ತದೆ."

ಮೂರು ವಾರದ ಮೇಲೆ ಉತ್ತರ ಬಂತು. ದೊಡ್ಡ ಪಾದ್ರಿಗಳು ಚಿಕ್ಕದಾಗಿ ಬರೆದಿದ್ದರು. ಮನವಿ ತಲುಪಿತು, ರುಜುಗಳನ್ನು ಒಂದೊಂದಾಗಿ ನೋಡಿದೆ, ಆ ಅಕ್ಷರಗಳನ್ನು ಕಲಿತದ್ದು ನಮ್ಮ ಪುಸ್ತಿಕೆಯಿಂದಲೆಂಬುದೂ ತಿಳಿಯಿತು, ಉಪದೇಶಿಗಳು ಅಲ್ಲಿಯೇ ಇರಲಿ. ಕೆಳಗೆ ಒಂದು ಸಾಲು: ತ್ಯಾಂಪಣ್ಣನವರಿಗೆ ವಂದನೆ. ಅದನ್ನು ತ್ಯಾಂಪಣ್ಣ ಸ್ವತಃ ಅಕ್ಷರ ಕೂಡಿಸಿ ಓದಿದ, ಓದಿ ಮುಗಿಸಲು ಬಹಳ ಹೊತ್ತು ತೆಗೆದುಕೊಂಡ. ಆ ದಿನ ಅಂಗಡಿಗೆ ಬಂದವರಿಗೆಲ್ಲ ಎಣ್ಣೆಯಲ್ಲಿ ಕರಿದ ಬಾಳೆಹಣ್ಣಿನ ಪೋಡಿ ಪುಕ್ಕಟೆ ಸಿಕ್ಕಿತು.

ವ್ಯಾನು ಬಂತು. ಊರಿನ ಕೋಳಿಗಳೆಲ್ಲ ಮನೆಯ ಮಾಡು ಹತ್ತುವಷ್ಟು ದೊಡ್ಡ ಸ್ವರ. ಹತ್ತು ನಿಮಿಷ ಹೇಳಿ ಮುಂದಿನ ಊರಿಗೆ ಹೋಯಿತು. ಅದು ಹೋದ ಕೂಡಲೇ ಜನ ಅಂಗಡಿಯ ಬೆಂಚಿನ ಕಡೆಗೆ ತಿರುಗಿ, "ಅವರು ಎಂತ ಹೇಳಿದ್ದು ಉಪದೇಶಿಗಳೇ?" ಎಂದು ಕೇಳಿದರು. ಅವರು ಕೊಡೆ ಮಡಚಿ ಶುರು ಮಾಡಿದರು. ನಮ್ಮ ತಾಲೂಕು ಕೇರಳಕ್ಕೆ ಸೇರುವ ಹೊತ್ತಿಗೆ ತ್ಯಾಂಪಣ್ಣ ರೇಡಿಯೋ ತಂದ. ಸಮುದ್ರದಾಚೆಯ ಯಾವುದೋ ನಿಲಯದಿಂದ ವಾರಕ್ಕೊಮ್ಮೆ ಸುವಾರ್ತೆಯ ಮಾತು ಬರುತ್ತಿತ್ತು. ಮುದುಕರಾಗಿದ್ದ ಉಪದೇಶಿಗಳು ಅದಕ್ಕೆ ಕಿವಿ ಹಚ್ಚಿ, "ಎಂಥ ಒಳ್ಳೆ ಗಂಟಲು ಮಾರಾಯ್ರೆ! ಪಾಪ, ಎದುರು ಯಾರು ಕೂತಿದ್ದಾರೆ ಅಂತ ಅವರಿಗೆ ಕಾಣುವುದಿಲ್ಲ," ಎನ್ನುತ್ತಿದ್ದರು. ಮರುಗಿ ಸುಮ್ಮನಾಗುವವರಲ್ಲ. ಪ್ರತಿ ವಾರ ಆ ನಿಲಯಕ್ಕೆ ಕಾಗದ ಬರೆದರು: ಈ ವಾರ ತ್ಯಾಂಪಣ್ಣ ಒಪ್ಪಲಿಲ್ಲ, ಅವನ ಕಾರಣಗಳು ಇವು. ನಿಲಯದವರು ಉತ್ತರವಾಗಿ ಒಂದು ಬಣ್ಣದ ಕ್ಯಾಲೆಂಡರು ಕಳುಹಿಸಿದರು.

ಉಪದೇಶಿಗಳ ಮಾತಿನಿಂದ ನಾನು ಬದಲಾಗಲಿಲ್ಲ. ಈಗಲೂ ಸಂಧ್ಯಾವಂದನೆ ಮಾಡುತ್ತೇನೆ, ಈಗಲೂ ವಾದ ಮಾಡುತ್ತೇನೆ. ಆದರೆ ಎದುರಿನವನು ಮಾತು ಮುಗಿಸುವವರೆಗೆ ಕಾಯುವುದನ್ನು ಕಲಿತಿದ್ದೇನೆ. ಅಷ್ಟು ಕಲಿಯಲು ನನಗೆ ಇಪ್ಪತ್ತೈದು ವರ್ಷ ಬೇಕಾಯಿತು ಎಂಬುದನ್ನು ನನ್ನ ಹೆಂಡತಿ ಎಲ್ಲರಿಗೂ ಹೇಳುತ್ತಾಳೆ.

ಅವರನ್ನು ಮಣ್ಣು ಮಾಡಿದ್ದು ಮಿಶನ್ನಿನ ಸಣ್ಣ ಸ್ಮಶಾನದಲ್ಲಿ, ಬೆಳಿಗ್ಗೆ ಹತ್ತು ಗಂಟೆಗೆ. ಮಂಗಳೂರಿನಿಂದ ಒಬ್ಬ ಎಳೆಯ ಪಾದ್ರಿಗಳು ಬಂದಿದ್ದರು. ಹತ್ತು ಹನ್ನೆರಡು ಮಂದಿ ಇರಬಹುದೆಂದು ಎಣಿಸಿದ್ದರೋ ಏನೋ. ಗೇಟಿನ ಹೊರಗೆ ರಸ್ತೆಯವರೆಗೂ ಜನ. ಆಸ್ಯಮ್ಮ ಮಗನ ಕೈ ಹಿಡಿದುಕೊಂಡು ಬಂದಿದ್ದಳು. ಬಸ್ಸಿನವರು ಬಸ್ಸು ನಿಲ್ಲಿಸಿದ್ದರು. ಪ್ರಾರ್ಥನೆಯೆಲ್ಲ ಮುಗಿದ ಮೇಲೆ ಎಳೆಯ ಪಾದ್ರಿಗಳು ಬೆರಗಿನಿಂದ ನಮ್ಮನ್ನು ನೋಡಿ, "ಇವರೆಲ್ಲ ಯಾವ ಸಭೆಯವರು?" ಎಂದು ಕೇಳಿದರು.

ನಾವೆಲ್ಲ ತ್ಯಾಂಪಣ್ಣನ ಕಡೆಗೆ ತಿರುಗಿದೆವು. ಪ್ರಶ್ನೆ ಕೇಳಿದರೆ ಸುಮ್ಮನಿರದ ಅವನು ಬೈರಾಸಿನಿಂದ ಮುಖ ಒರೆಸಿಕೊಳ್ಳುತ್ತಿದ್ದ. ಪಾದ್ರಿಗಳು ಕಾದರು.

"ಸಭೆ ಅಂತ ಇಲ್ಲ ಸ್ವಾಮೀ," ಎಂದ ತ್ಯಾಂಪಣ್ಣ ಕೊನೆಗೆ. "ನಾವೆಲ್ಲ ಅವರ ಮುಗಿಯದ ಕೆಲಸ."